ಬಿ.ಎಡ್ ಸೇರುವುದು ಹೇಗೆ, ಮುಗಿಸುವುದು ಹೇಗೆ: ವಿಜಯಪುರ, ಬಾಗಲಕೋಟೆ, ಬೆಳಗಾವಿ ಭಾಗದವರಿಗೆ ಸಮಗ್ರ ಮಾರ್ಗದರ್ಶಿ

ಡಿಗ್ರಿ ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಹಳೆಯ ವಿದ್ಯಾರ್ಥಿಗಳು, ಅವರ ಅಣ್ಣಂದಿರು, ಊರಿನ ಪರಿಚಯದವರು, ಎಲ್ಲರ ಪ್ರಶ್ನೆಯೂ ಒಂದೇ. "ಅಕ್ಕೋರ, ಬಿ.ಎಡ್ ಮಾಡ್ಬೇಕಂತ ಮಾಡೀನ್ರಿ. ಏನೇನ್ ಬೇಕಾಗ್ತೈತ್ರಿ?"

ನಾನು ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ವರ್ಷ ವರ್ಷ ಬಿ.ಎಡ್ ಪ್ರಶಿಕ್ಷಣಾರ್ಥಿಗಳು ನಮ್ಮ ಶಾಲೆಗೆ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಅವರ ಪಾಠ ನೋಡುವುದು, ತಿದ್ದುವುದು ನನ್ನ ಕೆಲಸ. ಹಾಗಾಗಿ ಈ ತರಬೇತಿಯ ಎರಡೂ ತುದಿ ನನಗೆ ಗೊತ್ತು. ಸೇರುವ ಬಗ್ಗೆ ಎಲ್ಲರೂ ಕೇಳುತ್ತಾರೆ. ಮುಗಿಸುವ ಬಗ್ಗೆ ಕೇಳುವವರು ಕಡಿಮೆ. ನಾನಿಲ್ಲಿ ಎರಡನ್ನೂ ಹೇಳುತ್ತೇನೆ, ಎರಡನೆಯದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಮೊದಲು: ಯಾವ ತರಬೇತಿ ಅಂತ ಗೊತ್ತು ಮಾಡಿಕೊಳ್ಳಿ

ಪಿಯುಸಿ ಮುಗಿಸಿದವರಿಗೆ ಡಿ.ಎಲ್.ಎಡ್ ಇದೆ. ಮೊದಲು ಟಿಸಿಎಚ್ ಅನ್ನುತ್ತಿದ್ದರು, ಆಮೇಲೆ ಡಿ.ಎಡ್ ಆಯಿತು. ನಮ್ಮ ಕಡೆ ಈಗಲೂ ಡಿ.ಎಡ್ ಅಂತಲೇ ಕರೆಯುತ್ತಾರೆ. ಅವಧಿ ಎರಡು ವರ್ಷ. ಪಿಯುಸಿಯಲ್ಲಿ ಶೇ. 50 ಅಂಕ ಬೇಕು. ಇದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಲಿಸುವವರ ತರಬೇತಿ.

ಪಿಯುಸಿ ಆದ ಕೂಡಲೇ ಸೇರಬಹುದಾದ ಇನ್ನೊಂದಿದೆ. ಡಿಗ್ರಿ ಮತ್ತು ಬಿ.ಎಡ್ ಎರಡನ್ನೂ ಕೂಡಿಸಿದ ನಾಲ್ಕು ವರ್ಷದ ಕೋರ್ಸ್. ಅದಕ್ಕೆ ಐಟಿಇಪಿ ಅನ್ನುತ್ತಾರೆ. ಇದಕ್ಕೆ ಎನ್‌ಟಿಎ ನಡೆಸುವ ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಬೇರೆ ಬೇರೆ ಮಾಡಿದರೆ ಮೂರು ವರ್ಷ ಡಿಗ್ರಿ, ಎರಡು ವರ್ಷ ಬಿ.ಎಡ್, ಒಟ್ಟು ಐದು. ಇದರಲ್ಲಿ ಒಂದು ವರ್ಷ ಉಳಿಯುತ್ತದೆ. ಶಿಕ್ಷಕರಾಗುವುದೇ ಗುರಿ ಅಂತ ಪಿಯುಸಿಯಲ್ಲೇ ಗಟ್ಟಿ ಮಾಡಿಕೊಂಡ ಮಕ್ಕಳು ಇದನ್ನು ಒಮ್ಮೆ ನೋಡಲೇಬೇಕು. ನಮ್ಮ ಭಾಗದಲ್ಲಿ ಇದರ ಬಗ್ಗೆ ಗೊತ್ತಿರುವವರು ತೀರಾ ಕಡಿಮೆ.

ಮೂರನೆಯದು ಡಿಗ್ರಿ ಆದ ಮೇಲೆ ಮಾಡುವ ಬಿ.ಎಡ್. ನಮ್ಮ ಕಾಲದಲ್ಲಿ ಅದು ಒಂದೇ ವರ್ಷವಿತ್ತು. 2015ರಿಂದ ಎರಡು ವರ್ಷ, ನಾಲ್ಕು ಸೆಮಿಸ್ಟರ್.

ಇಲ್ಲೊಂದು ಮಾತು ಸರಿಯಾಗಿ ತಿಳಿದುಕೊಳ್ಳಿ. "ಬಿ.ಎಡ್ ಮಾಡಿದರೆ ಒಂದನೇ ತರಗತಿಯಿಂದ ಹತ್ತರ ತನಕ ಎಲ್ಲಾದರೂ ಕಲಿಸಬಹುದು" ಅಂತ ಹೇಳುವವರು ಇನ್ನೂ ಇದ್ದಾರೆ. ಅದು ಈಗ ನಿಜವಲ್ಲ. 2018ರಲ್ಲಿ ಎನ್‌ಸಿಟಿಇ, ಅಂದರೆ ಶಿಕ್ಷಕರ ತರಬೇತಿಯ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ, ಅಂಥದೊಂದು ಅವಕಾಶ ಕೊಟ್ಟಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಒಂದರಿಂದ ಐದನೇ ತರಗತಿಗೆ ಡಿ.ಎಲ್.ಎಡ್ ಆದವರೇ ಬೇಕು ಎಂದಿತು. ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಆಸೆ ಇದ್ದರೆ ಡಿ.ಎಲ್.ಎಡ್ ಮಾಡಿ. ಆರರಿಂದ ಹತ್ತರವರೆಗೆ ಅಂದರೆ ಬಿ.ಎಡ್. ಮುಂದೆ ಪಿಯು ಉಪನ್ಯಾಸಕರಾಗುವ ಯೋಚನೆಯಿದ್ದರೆ ಸ್ನಾತಕೋತ್ತರ ಪದವಿಯ ಜೊತೆ ಬಿ.ಎಡ್ ಕೂಡ ಬೇಕು. ಇಲ್ಲಿಂದ ಮುಂದೆ ನಾನು ಬಿ.ಎಡ್ ಬಗ್ಗೆಯೇ ಹೇಳುತ್ತೇನೆ.

ಅಂಕ ಮತ್ತು ವಿಷಯ

ಡಿಗ್ರಿಯಲ್ಲಿ ಶೇ. 50 ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರಿಗೆ ಶೇ. 45. ಎಂಜಿನಿಯರಿಂಗ್ ಓದಿದವರಿಗೂ ದಾರಿ ಇದೆ, ಆದರೆ ಅವರಿಗೆ ಶೇ. 55 ಬೇಕು. ಬಿ.ಕಾಂ, ಬಿಬಿಎ, ಬಿಸಿಎ ಓದಿದವರು ಅರ್ಜಿ ಹಾಕುವ ಮುಂಚೆ ಆ ವರ್ಷದ ಪ್ರಕಟಣೆಯ ಅರ್ಹತೆ ಭಾಗವನ್ನು ಎರಡು ಸಲ ಓದಿ. ಪಕ್ಕದ ಮನೆಯವರ ಮಾತು ಕೇಳಿ ದುಡ್ಡು ಕಟ್ಟಬೇಡಿ.

ಅಂಕಕ್ಕಿಂತ ದೊಡ್ಡ ವಿಚಾರ ವಿಷಯಗಳದ್ದು. ಬಿ.ಎಡ್‌ನಲ್ಲಿ ಎರಡು ಬೋಧನಾ ವಿಷಯ ತೆಗೆದುಕೊಳ್ಳಬೇಕು. ಎಲ್ಲರೂ ಅದನ್ನು ಮೆಥಡ್ ಅನ್ನುತ್ತಾರೆ. ಡಿಗ್ರಿಯಲ್ಲಿ ಓದಿದ ಐಚ್ಛಿಕ ವಿಷಯಕ್ಕೂ ಮೆಥಡ್‌ಗೂ ತಾಳೆಯಾಗಬೇಕು. ಪ್ರೌಢಶಾಲೆ ಹುದ್ದೆಗಳು ಬರುವುದು ಕನ್ನಡ, ಇಂಗ್ಲಿಷ್, ಕಲಾ, ಪಿಸಿಎಂ, ಸಿಬಿಝಡ್ ಅಂತ ವಿಷಯದ ಲೆಕ್ಕದಲ್ಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಓದಿದವರಿಗೆ ಒಂದು ಹುದ್ದೆ. ಜೀವಶಾಸ್ತ್ರದ ಕಡೆಯವರಿಗೆ ಇನ್ನೊಂದು. ಸುಲಭ ಅಂತ ಮೆಥಡ್ ಆರಿಸಿಕೊಂಡು, ಐದು ವರ್ಷ ಬಿಟ್ಟು ಹುದ್ದೆ ಕರೆದಾಗ "ನಿಮ್ಮ ವಿಷಯ ಹೊಂದುವುದಿಲ್ಲ" ಅನ್ನಿಸಿಕೊಂಡವರನ್ನು ನಾನು ಕಂಡಿದ್ದೇನೆ. ಹಳೆಯ ನೇಮಕಾತಿ ಪ್ರಕಟಣೆ ಒಂದನ್ನು ತೆಗೆದು, ನಿಮ್ಮ ಡಿಗ್ರಿ ವಿಷಯಕ್ಕೆ ಯಾವ ಹುದ್ದೆ ಬರುತ್ತದೆ ಅಂತ ನೋಡಿ. ಆಮೇಲೆ ಮೆಥಡ್ ಬರೆಯಿರಿ.

ಕಾಗದಪತ್ರ: ಈಗಲೇ ಶುರು ಮಾಡಿ

ಪ್ರಕಟಣೆ ಬಂದ ಮೇಲೆ ಕಾಗದ ಹುಡುಕಲು ಹೊರಟರೆ ಸಮಯ ಸಾಲುವುದಿಲ್ಲ. ಒಂದು ಫೈಲ್ ತೆಗೆದುಕೊಂಡು ಜೋಡಿಸುತ್ತಾ ಹೋಗಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಡಿಗ್ರಿಯ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ. ಒಂದು ವಿಷಯ ಮತ್ತೆ ಬರೆದು ಪಾಸಾಗಿದ್ದರೆ ಆ ಅಂಕಪಟ್ಟಿಯೂ ಬೇಕು. ಪದವಿ ಪ್ರಮಾಣಪತ್ರ ಅಥವಾ ಪಿಡಿಸಿ (ತಾತ್ಕಾಲಿಕ ಪದವಿ ಪತ್ರ), ಕಾಲೇಜಿನ ಟಿಸಿ, ಆಧಾರ್, ಫೋಟೋ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರುತ್ತದೆ. ಅದರ ಮೇಲೆ ಆರ್‌ಡಿ ನಂಬರ್ ಇರುತ್ತದೆ, ಅರ್ಜಿಯಲ್ಲಿ ಕೇಳುವುದು ಅದನ್ನೇ. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ. ಪಿಯುಸಿ ಸೇರುವಾಗ ಮಾಡಿಸಿದ್ದು ಡಿಗ್ರಿ ಮುಗಿಯುವ ಹೊತ್ತಿಗೆ ಸರಿಯಾಗಿ ಮುಗಿದಿರುತ್ತದೆ! ಇವತ್ತೇ ತೆಗೆದು ದಿನಾಂಕ ನೋಡಿ.

ಗ್ರಾಮೀಣ ಮೀಸಲಾತಿ ಕೇಳುವುದಾದರೆ ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಹಳ್ಳಿಯಲ್ಲಿ ಓದಿರಬೇಕು. ಏಳನೇ ತರಗತಿವರೆಗೆ ಊರಲ್ಲಿ ಓದಿ, ಹೈಸ್ಕೂಲಿಗೆ ವಿಜಯಪುರದ ಹಾಸ್ಟೆಲ್‌ಗೆ ಬಂದವರಿಗೆ ಅದು ಸಿಗುವುದಿಲ್ಲ. ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಬಿಇಒ ಮೇಲುಸಹಿಯೂ ಬೇಕು. ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನೂ ಅದೇ ಓಡಾಟದಲ್ಲಿ ಮಾಡಿಸಿಬಿಡಿ. ಪ್ರಾಥಮಿಕ ಒಂದು ಶಾಲೆ, ಪ್ರೌಢ ಇನ್ನೊಂದು ಶಾಲೆ ಆಗಿದ್ದರೆ ಎರಡೂ ಕಡೆ ಹೋಗಬೇಕು. ಶಾಲೆಗೆ ರಜೆ ಬೀಳುವ ಮುಂಚೆ ಹೋಗಿ.

ಇನ್ನು ಹೆಸರಿನ ವಿಚಾರ. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಭಾಗ. ಎಸ್ಸೆಸ್ಸೆಲ್ಸಿಯಲ್ಲಿ ಅಡ್ಡಹೆಸರು ಕೊನೆಗೆ, ಪಿಯುಸಿಯಲ್ಲಿ ಮೊದಲಿಗೆ, ಆಧಾರ್‌ನಲ್ಲಿ ಅಡ್ಡಹೆಸರೇ ಇಲ್ಲ. ನನ್ನದೇ ಅಂಕಪಟ್ಟಿಯಲ್ಲಿ ಬಿರಾದಾರ ಅನ್ನುವುದರ ಇಂಗ್ಲಿಷ್ ಬರಹದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಅದನ್ನು ಸರಿ ಮಾಡಿಸಲು ಮೂರು ತಿಂಗಳು ಓಡಾಡಿದೆ. ನಾಲ್ಕು ಸಲ ಬಸ್ ಹತ್ತಿ ಹೋದರೂ "ನಾಳೆ ಬರ್ರಿ" ಅನ್ನುವ ಉತ್ತರವೇ ಸಿಕ್ಕಿತು. ಆ ದಿನಗಳಲ್ಲಿ ಅಪ್ಪ ಹೊಲದ ಕೆಲಸ ಬಿಟ್ಟು ನನ್ನ ಜೊತೆ ಬರುತ್ತಿದ್ದ. ಅದಕ್ಕೇ ಹೇಳುತ್ತೇನೆ, ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹೆಸರನ್ನೇ ಮೂಲ ಅಂತ ಇಟ್ಟುಕೊಳ್ಳಿ. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳಿ. ಆಧಾರ್ ತಿದ್ದುವುದು ಸುಲಭ, ಅಂಕಪಟ್ಟಿ ತಿದ್ದುವುದು ಕಷ್ಟ.

ಗಡಿಯ ಊರಿನವರಿಗೆ ಎರಡು ಮಾತು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಕಡೆ ಶಾಲೆ ಓದಿದವರು, ಕರ್ನಾಟಕದಲ್ಲಿ ಎಷ್ಟು ವರ್ಷ ಓದಿರಬೇಕು ಎನ್ನುವ ನಿಯಮವನ್ನೂ ಹೊರನಾಡು, ಗಡಿನಾಡು ಕನ್ನಡಿಗರ ಬಗ್ಗೆ ಇರುವ ಮಾತನ್ನೂ ಪ್ರಕಟಣೆಯಲ್ಲಿ ಮೊದಲು ಹುಡುಕಿ ಓದಿ. ಇನ್ನೊಂದು, 371ಜೆ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ. ತಾಳಿಕೋಟೆ, ಸಿಂದಗಿ, ಇಳಕಲ್ಲ ಕಡೆಯ ಮಕ್ಕಳು ಇದರಲ್ಲಿ ಪದೇ ಪದೇ ಎಡವುತ್ತಾರೆ. ವಿಜಯಪುರದಲ್ಲಿ ಓಡುವ ಬಸ್ಸಿನ ಮೇಲೆ ಕಲ್ಯಾಣ ಕರ್ನಾಟಕ ಅಂತ ಬರೆದಿರುತ್ತದೆ, ನಿಜ. ಆದರೆ 371ಜೆ ಮೀಸಲಾತಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಿಗೆ ಇಲ್ಲ. ಅದು ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬೀದರ್, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ. ಅರ್ಜಿಯಲ್ಲಿ ಅಲ್ಲಿ ಟಿಕ್ ಮಾಡಿ, ಪರಿಶೀಲನೆಯ ದಿನ ಪತ್ರವಿಲ್ಲದೆ ನಿಲ್ಲಬೇಡಿ.

ಅರ್ಜಿಯಿಂದ ಸೀಟಿನವರೆಗೆ

ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತದೆ. ಪ್ರವೇಶ ಪರೀಕ್ಷೆ ಇಲ್ಲ. ಡಿಗ್ರಿ ಅಂಕದ ಮೇಲೆ ಮೆರಿಟ್ ಪಟ್ಟಿ, ಜೊತೆಗೆ ಮೀಸಲಾತಿ. ಅರ್ಜಿ ಆನ್‌ಲೈನ್. ಸೈಬರ್ ಸೆಂಟರ್‌ನಲ್ಲಿ ಹಾಕಿಸಿದರೂ ಪರವಾಗಿಲ್ಲ, ಆದರೆ ಮೊಬೈಲ್ ನಂಬರ್ ನಿಮ್ಮದೇ ಇರಲಿ. ಅಂಗಡಿಯವನ ನಂಬರ್ ಕೊಟ್ಟು, ಸೀಟು ಹಂಚಿಕೆಯಾದ ಸಂದೇಶ ಕೈಗೆ ಸಿಗದೆ ಸೀಟು ಕಳೆದುಕೊಂಡವರಿದ್ದಾರೆ. ಅಂಕಗಳನ್ನು ಮುಂದೆ ನಿಂತು ಓದಿ ಹೇಳಿ, ತುಂಬಿದ ಮೇಲೆ ಮತ್ತೊಮ್ಮೆ ತಾಳೆ ನೋಡಿ.

ಆಮೇಲೆ ಮೂಲ ದಾಖಲೆಗಳ ಪರಿಶೀಲನೆ. ಅದಕ್ಕೆ ಡಯಟ್‌ಗಳೇ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳೇ ನೋಡಲ್ ಕೇಂದ್ರ. ಬಾಗಲಕೋಟೆ ಜಿಲ್ಲೆಯವರು ಗಮನಿಸಿ, ನಿಮ್ಮ ಡಯಟ್ ಇರುವುದು ಬಾಗಲಕೋಟೆಯಲ್ಲಲ್ಲ, ಇಳಕಲ್ಲದಲ್ಲಿ. ಬೆಳಗಾವಿ ಜಿಲ್ಲೆಯಲ್ಲಿ ಬೆಳಗಾವಿ ಮತ್ತು ಚಿಕ್ಕೋಡಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ನೀವು ಹೋಗಬೇಕಾದದ್ದು ಯಾವುದಕ್ಕೆ ಅಂತ ಅರ್ಜಿಯ ಪ್ರತಿಯಲ್ಲಿ ನೋಡಿಕೊಂಡೇ ಹೊರಡಿ. ಬೆಳಿಗ್ಗೆ ಬೇಗ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ, ಪ್ರತಿ ದಾಖಲೆಯ ಎರಡು ಸೆಟ್ ಜೆರಾಕ್ಸ್ ಇರಲಿ.

ಪರಿಶೀಲನೆಯಾದ ಮೇಲೆ ಕಾಲೇಜುಗಳ ಆಯ್ಕೆ, ಸೀಟು ಹಂಚಿಕೆ, ಶುಲ್ಕ, ಕಾಲೇಜಿನಲ್ಲಿ ವರದಿ ಮಾಡಿಕೊಳ್ಳುವುದು. ಕೊನೆಯ ದಿನಾಂಕ ಒಂದು ದಿನ ದಾಟಿದರೂ ಸೀಟು ಮುಂದಿನವರಿಗೆ ಹೋಗುತ್ತದೆ. ಡಿಗ್ರಿ ಬೇರೆ ವಿಶ್ವವಿದ್ಯಾಲಯದಲ್ಲಿ ಆಗಿದ್ದರೆ, ಧಾರವಾಡವೋ ಕಲಬುರಗಿಯೋ ಕೊಲ್ಲಾಪುರವೋ, ವಲಸೆ ಪ್ರಮಾಣಪತ್ರ ಮೊದಲೇ ತಂದಿಟ್ಟುಕೊಳ್ಳಿ.

ಕಾಲೇಜು ನೋಡುವಾಗ

ಎನ್‌ಸಿಟಿಇ ಮಾನ್ಯತೆ ಇಲ್ಲದ ಕಾಲೇಜಿನ ಬಿ.ಎಡ್ ಶಿಕ್ಷಕರ ಹುದ್ದೆಗೆ ಬಾರದು. ಮಾನ್ಯತೆ ಎನ್‌ಸಿಟಿಇ ಜಾಲತಾಣದಲ್ಲೇ ನೋಡಬಹುದು. ನಂತರ ಯಾವ ವಿಶ್ವವಿದ್ಯಾಲಯ ಅಂತ ಕೇಳಿ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾದಾಗ ಈ ಮೂರೂ ಜಿಲ್ಲೆ ಅದರ ವ್ಯಾಪ್ತಿಯಲ್ಲಿದ್ದವು. ಮುಂದೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಪಠ್ಯಕ್ರಮ, ಪರೀಕ್ಷೆಯ ವೇಳಾಪಟ್ಟಿ, ಅಂಕಪಟ್ಟಿ ಎಲ್ಲ ಇದರ ಮೇಲೆಯೇ ನಿಂತಿರುತ್ತದೆ. ಸರ್ಕಾರಿ ಶಿಕ್ಷಕರ ಶಿಕ್ಷಣ ಮಹಾವಿದ್ಯಾಲಯಗಳು ಬೆಳಗಾವಿಯಲ್ಲೂ ಜಮಖಂಡಿಯಲ್ಲೂ ಇವೆ. ಅಂಕ ಚೆನ್ನಾಗಿದ್ದರೆ ಆಯ್ಕೆ ಪಟ್ಟಿಯಲ್ಲಿ ಅವನ್ನು ಮೇಲೆ ಬರೆಯಿರಿ.

ದೂರಶಿಕ್ಷಣದ ಬಿ.ಎಡ್ ಎಲ್ಲರಿಗೂ ಅಲ್ಲ. ಡಿ.ಎಡ್‌ನಂಥ ತರಬೇತಿಯನ್ನು ಮೊದಲೇ ಮುಗಿಸಿದವರಿಗೆ ಮಾತ್ರ ಅದು.

ಇನ್ನು, ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ. "ನಾನ್ ಅಟೆಂಡಿಂಗ್ ಮಾಡಿಸ್ತೀನಿ, ಪರೀಕ್ಷೆಗೆ ಬಂದ್ರ ಸಾಕು" ಅನ್ನುವ ಏಜೆಂಟರು ಊರೂರಲ್ಲಿ ಇದ್ದಾರೆ. ಹಾಗಂತ ಒಂದು ಕೋರ್ಸ್ ಕಾನೂನಿನಲ್ಲಿ ಇಲ್ಲವೇ ಇಲ್ಲ. ನಮ್ಮ ಸಂಬಂಧಿಕರ ಹುಡುಗನೊಬ್ಬ ಹೀಗೆ ದುಡ್ಡು ಕೊಟ್ಟ. ಎರಡು ವರ್ಷ ಅಂಗಡಿಯಲ್ಲಿ ದುಡಿದ, ಬಿ.ಎಡ್ ಪತ್ರವೂ ಬಂತು. ಒಂದು ಶಾಲೆಯ ಸಂದರ್ಶನದಲ್ಲಿ ಎಂಟನೇ ತರಗತಿಗೆ ಹತ್ತು ನಿಮಿಷ ಪಾಠ ಮಾಡು ಎಂದರು. ಸುಣ್ಣದ ಕಡ್ಡಿ ಹಿಡಿದು ನಿಂತವನಿಗೆ ಮಾತೇ ಹೊರಡಲಿಲ್ಲ. ಮನೆಗೆ ಬಂದು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಬುದ್ಧಿವಂತ ಹುಡುಗ. ಕಲಿಯುವ ಎರಡು ವರ್ಷವನ್ನು ಅವನಿಂದ ಕಸಿದುಕೊಂಡರು ಅಂತಲೇ ನನಗೆ ಅನಿಸುತ್ತದೆ.

ಎರಡು ವರ್ಷ ಒಳಗೆ ಏನು ನಡೆಯುತ್ತದೆ

ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ದಾಖಲಾತಿ ಮತ್ತು ಪರೀಕ್ಷೆಯ ದಿನಗಳು ಇದರಲ್ಲಿ ಸೇರುವುದಿಲ್ಲ. ತರಗತಿಗೆ ಶೇ. 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90. ಜಾತ್ರೆ, ಮದುವೆ, ಕಬ್ಬು ಕಟಾವು ಎಲ್ಲಕ್ಕೂ ರಜೆ ಹಾಕುತ್ತಾ ಹೋದರೆ ಲೆಕ್ಕ ತಪ್ಪುತ್ತದೆ. ಸಿದ್ಧೇಶ್ವರ ಜಾತ್ರೆಗೆ ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಹೋಗಿ.

ಓದುವ ವಿಷಯಗಳು ಮಗುವಿನ ಬೆಳವಣಿಗೆ, ಕಲಿಕೆ ಮತ್ತು ಬೋಧನೆ, ಮೌಲ್ಯಮಾಪನ, ಸಮಕಾಲೀನ ಭಾರತ ಮತ್ತು ಶಿಕ್ಷಣ, ಲಿಂಗತ್ವ, ಸಮನ್ವಯ ಶಿಕ್ಷಣ, ಐಸಿಟಿ (ಕಲಿಕೆಯಲ್ಲಿ ಕಂಪ್ಯೂಟರ್ ಬಳಕೆ) ಇಂಥವು. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಪಾಸಾಗಬಹುದು, ಗೊತ್ತು. ಮಗುವಿನ ಬೆಳವಣಿಗೆಯ ವಿಷಯವನ್ನಾದರೂ ಹಾಗೆ ಮಾಡಬೇಡಿ. ಮುಂದೆ ಟಿಇಟಿಯಲ್ಲಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ, ಅದಕ್ಕೇ 30 ಅಂಕ ಇದೆ.

ಸೂಕ್ಷ್ಮ ಬೋಧನೆಯಿಂದ ನಿಜವಾದ ಕೆಲಸ ಶುರು. ಐದಾರು ನಿಮಿಷದ ಪಾಠ, ಎದುರಿಗೆ ನಿಮ್ಮ ಸಹಪಾಠಿಗಳೇ ಮಕ್ಕಳು. ಒಮ್ಮೆಗೆ ಒಂದೇ ಕೌಶಲ. ಪ್ರಶ್ನೆ ಕೇಳುವುದು ಒಂದು ದಿನ, ವಿವರಿಸುವುದು ಇನ್ನೊಂದು ದಿನ, ಕಪ್ಪುಹಲಗೆ ಬಳಸುವುದು ಮತ್ತೊಂದು ದಿನ. ಗೆಳತಿಯರ ಮುಂದೆ ನಗು ಬರುತ್ತದೆ, ನಾಚಿಕೆ ಆಗುತ್ತದೆ. ಮೊದಲ ವಾರ ಎಲ್ಲರಿಗೂ ಹಾಗೇ ಅಲ್ವಾ? ನಕ್ಕು ಮುಗಿಸಿ, ಆಮೇಲೆ ಗಂಭೀರವಾಗಿ ಮಾಡಿ.

ಪಾಠ ಯೋಜನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈಗ ಬಹಳ ಕಡೆ ಐದು ಹಂತದ ಮಾದರಿ ಬರೆಸುತ್ತಾರೆ: ತೊಡಗಿಸಿಕೊಳ್ಳುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ಹಿಂದಿನ ವರ್ಷದವರ ರೆಕಾರ್ಡ್ ತಂದು ನಕಲು ಮಾಡುವ ಚಾಳಿ ಎಲ್ಲ ಕಡೆ ಇದೆ. ನಕಲು ಮಾಡಿದ್ದು ಹಿಂದಿನ ಬೆಂಚಿನಲ್ಲಿ ಕೂತ ನಮಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಯೋಜನೆಯಲ್ಲಿ ಬರೆದ ಪ್ರಶ್ನೆಗೆ ಮಗು ಬೇರೆ ಉತ್ತರ ಕೊಟ್ಟ ಕೂಡಲೇ ಪ್ರಶಿಕ್ಷಣಾರ್ಥಿ ನಿಂತುಬಿಡುತ್ತಾರೆ. ನೀವೇ ಬರೆಯಿರಿ. ಒಂದು ಪ್ರಶ್ನೆ ಬರೆದಾಗ ಅದಕ್ಕೆ ಮಗು ಕೊಡಬಹುದಾದ ಮೂರು ತಪ್ಪು ಉತ್ತರಗಳನ್ನು ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದುಕೊಳ್ಳಿ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನನ್ನ ಮೊದಲ ಪಾಠ 40 ನಿಮಿಷಕ್ಕೆ ಬರೆದಿದ್ದು 18 ನಿಮಿಷಕ್ಕೆ ಮುಗಿದುಹೋಯಿತು. ಉಳಿದ ಹೊತ್ತು ಮಕ್ಕಳು ನನ್ನ ಮುಖ ನೋಡುತ್ತಾ ಕೂತಿದ್ದರು. ಅವತ್ತು ಸಂಜೆಯಿಂದ ಹೀಗೆ ಬರೆಯಲು ಶುರು ಮಾಡಿದೆ.

ಇಂಟರ್ನ್‌ಶಿಪ್ ಒಟ್ಟು 20 ವಾರ. ಮೊದಲ ವರ್ಷ 4, ಎರಡನೇ ವರ್ಷ 16. ಯಾವ ಸೆಮಿಸ್ಟರ್‌ನಲ್ಲಿ ಎಷ್ಟು ಅಂತ ವಿಶ್ವವಿದ್ಯಾಲಯದ ಪಠ್ಯಕ್ರಮ ಹೇಳುತ್ತದೆ. ಮೊದಲ ಭಾಗದಲ್ಲಿ ಹೆಚ್ಚು ನೋಡುವುದು. ಪ್ರಾರ್ಥನೆ, ಬಿಸಿಯೂಟ, ಹಾಜರಿ ಪುಸ್ತಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಎಲ್ಲವನ್ನೂ ನೋಡಿ. ಎರಡನೇ ಭಾಗದಲ್ಲಿ ಪೂರ್ಣ ಶಿಕ್ಷಕರ ಹಾಗೆ ಇರಬೇಕು. ಪಾಠ, ಘಟಕ ಪರೀಕ್ಷೆ, ಅದರ ನೀಲನಕ್ಷೆ, ಬೋಧನೋಪಕರಣ, ಕ್ರಿಯಾ ಸಂಶೋಧನೆ.

ಕ್ರಿಯಾ ಸಂಶೋಧನೆ ಅಂದರೆ ಹೆದರುತ್ತಾರೆ. ಅದು ದೊಡ್ಡ ಸಂಶೋಧನೆ ಅಲ್ಲ. ನಿಮ್ಮ ತರಗತಿಯ ಒಂದು ತೊಂದರೆ ಹಿಡಿಯಿರಿ. ನಮ್ಮ ಶಾಲೆಗೆ ಬಂದಿದ್ದ ಒಬ್ಬಳು ಒಳ್ಳೆಯದನ್ನು ಹಿಡಿದಳು. ಮಕ್ಕಳು ಹಕಾರ ಅಕಾರ ಅದಲು ಬದಲು ಬರೆಯುತ್ತಿದ್ದರು. ಹತ್ತು ಮಕ್ಕಳನ್ನು ಆರಿಸಿಕೊಂಡು ದಿನಕ್ಕೆ ಐದು ಪದದ ಆಟ ಆಡಿಸಿದಳು, ಮೊದಲೊಂದು, ಕೊನೆಗೊಂದು ಪರೀಕ್ಷೆ ಕೊಟ್ಟಳು, ಲೆಕ್ಕ ಬರೆದಳು. ಅಷ್ಟೇ.

ಭಾಷೆಯ ವಿಚಾರವನ್ನು ಯಾವ ಪಠ್ಯವೂ ನಮ್ಮ ಊರಿನ ಲೆಕ್ಕದಲ್ಲಿ ಹೇಳಿಕೊಡುವುದಿಲ್ಲ. ಮಕ್ಕಳು "ಅಂವ ಬಂದಾನ್ರಿ" ಅಂದಾಗ ಕೆಲವು ಪ್ರಶಿಕ್ಷಣಾರ್ಥಿಗಳು "ಹಾಗೆ ಅನ್ನಬಾರದು" ಅಂತ ಗದರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯ ಮಾತು ತಪ್ಪಲ್ಲ. ಮಗು ತನ್ನ ಮಾತಿನಲ್ಲಿ ಹೇಳಲಿ, ನೀವು ಹಲಗೆಯ ಮೇಲೆ "ಅವನು ಬಂದಿದ್ದಾನೆ" ಅಂತ ಬರೆಯಿರಿ, ಎರಡನ್ನೂ ಪಕ್ಕ ಪಕ್ಕ ಇಡಿ. ನಿಪ್ಪಾಣಿ, ಖಾನಾಪುರ ಕಡೆ ಮನೆಯಲ್ಲಿ ಮರಾಠಿ ಆಡುವ ಮಕ್ಕಳು, ವಿಜಯಪುರದ ಓಣಿಗಳಲ್ಲಿ ಉರ್ದು ಆಡುವ ಮಕ್ಕಳು ಸಿಗುತ್ತಾರೆ. ಲಂಬಾಣಿ ತಾಂಡಾಗಳ ಮಕ್ಕಳು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. ಅವರ ಭಾಷೆಯ ಹತ್ತು ಪದ ಕಲಿತು ತರಗತಿಗೆ ಹೋಗಿ. ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಮಗು ಅವತ್ತೇ ತಲೆ ಎತ್ತುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಖರ್ಚು

ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಕೈಗೆ ಬರುವುದಿಲ್ಲ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೂ ಕಾಲೇಜು ಸೇರಿದ ಕೂಡಲೇ ಅರ್ಜಿ ಹಾಕಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಊರಿಂದ ದಿನಾ ಓಡಾಡಿ ಬಿ.ಎಡ್ ಮಾಡುವ ಹುಡುಗಿಯರ ಮನೆಯಲ್ಲಿ "ಬಸ್ಸಿಗೆ ರೊಕ್ಕ ಎಲ್ಲಿಂದ" ಅನ್ನುವ ಮಾತು ಅದರಿಂದ ನಿಂತಿದೆ. ರೆಕಾರ್ಡ್ ಪುಸ್ತಕ, ಚಾರ್ಟ್, ಬಣ್ಣದ ಪೇಪರ್‌ಗೆ ತಿಂಗಳು ತಿಂಗಳು ಸಣ್ಣ ಖರ್ಚು ಬರುತ್ತದೆ. ಹಳೆಯ ಲಗ್ನಪತ್ರಿಕೆ, ಕಡಲೆ, ಜೋಳದ ದಂಟು ಇಟ್ಟುಕೊಂಡು ಮಾಡಿದ ಬೋಧನೋಪಕರಣಕ್ಕೆ ನಾನು ಯಾವತ್ತೂ ಜಾಸ್ತಿ ಅಂಕ ಕೊಟ್ಟಿದ್ದೇನೆ.

ಮುಗಿಸುವುದು, ಆಮೇಲಿನದು

ಎರಡು ವರ್ಷದ ಈ ಕೋರ್ಸನ್ನು ಸೇರಿದ ದಿನದಿಂದ ಹೆಚ್ಚೆಂದರೆ ಮೂರು ವರ್ಷದೊಳಗೆ ಮುಗಿಸಬೇಕು. ಮದುವೆ, ಹೆರಿಗೆ, ಮನೆಯ ಕಷ್ಟ ಅಂತ ನಡುವೆ ಬಿಡುವ ಹೆಣ್ಣುಮಕ್ಕಳಿಗೆ ಇದು ಗೊತ್ತಿರಲಿ. ಬಿಡಲೇಬೇಕಾದರೆ ಸುಮ್ನೆ ಬಿಡಬೇಡಿ. ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿ, ಮರಳುವ ದಾರಿ ಕೇಳಿ ಹೋಗಿ. ಬಾಕಿ ಉಳಿದ ವಿಷಯವನ್ನು ಮುಂದಿನ ಅವಕಾಶದಲ್ಲೇ ಬರೆದು ಮುಗಿಸಿ. ಕೊನೆಗೆ ನಾಲ್ಕೂ ಸೆಮಿಸ್ಟರ್‌ಗಳ ಮೂಲ ಅಂಕಪಟ್ಟಿ, ಟಿಸಿ ತೆಗೆದುಕೊಳ್ಳಿ, ಘಟಿಕೋತ್ಸವದ ಪದವಿ ಪತ್ರಕ್ಕೆ ಅರ್ಜಿ ಹಾಕಿ. ಆಲಮಟ್ಟಿ ಹಿನ್ನೀರಿನಲ್ಲಿ ಊರು, ಹೊಲ ಕಳೆದುಕೊಂಡ ಮನೆಯವರು ಯೋಜನಾ ನಿರಾಶ್ರಿತರ ಪ್ರಮಾಣಪತ್ರವನ್ನೂ ಜೋಪಾನ ಮಾಡಿ, ನೇಮಕಾತಿಯಲ್ಲಿ ಬೇಕಾಗುತ್ತದೆ.

ಆರರಿಂದ ಎಂಟನೇ ತರಗತಿಗೆ ಸೇರಲು ಟಿಇಟಿ ಎರಡನೇ ಪತ್ರಿಕೆ ಪಾಸಾಗಬೇಕು. 150 ಪ್ರಶ್ನೆ, 150 ಅಂಕ, ಎರಡೂವರೆ ತಾಸು. ಎರಡು ಭಾಷೆಗೆ ತಲಾ 30, ಮಗುವಿನ ಬೆಳವಣಿಗೆ ಮತ್ತು ಬೋಧನೆಗೆ 30, ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ 60. ಸಾಮಾನ್ಯ ವರ್ಗದವರಿಗೆ ಶೇ. 60 ಬೇಕು. ಪರಿಶಿಷ್ಟರು, ಪ್ರವರ್ಗ 1 ಮತ್ತು ಅಂಗವಿಕಲರಿಗೆ ಶೇ. 55. ಮೊದಲು ಏಳು ವರ್ಷದ ಮಿತಿ ಇತ್ತು. 2021ರಿಂದ ಒಮ್ಮೆ ಪಾಸಾದರೆ ಜೀವನಪೂರ್ತಿ ಸಾಕು. ಬಿ.ಎಡ್ ಕೊನೆಯ ವರ್ಷದಲ್ಲಿರುವಾಗ ಟಿಇಟಿ ಪ್ರಕಟಣೆ ಬಂದರೆ ನೀವು ಬರೆಯಬಹುದೇ ಅಂತ ಅದರಲ್ಲೇ ನೋಡಿ. ಬರೆಯಬಹುದಾದರೆ ಬರೆದುಬಿಡಿ. ಓದಿದ್ದೆಲ್ಲ ಆಗ ತಲೆಯಲ್ಲಿ ಹಸಿಯಾಗಿರುತ್ತದೆ, ಮತ್ತು ಮೂರ್ನಾಲ್ಕು ತಿಂಗಳು ಮಕ್ಕಳ ಮುಂದೆ ನಿಂತು ಬಂದವರಿಗೆ ಆ 30 ಅಂಕದ ಭಾಗದ ಪ್ರಶ್ನೆಗಳು ತಾವು ಕಂಡ ತರಗತಿಯ ಮಾತಿನ ಹಾಗೇ ಕೇಳಿಸುತ್ತವೆ.